ಹತ್ತನೆಯ ಮಳೆ

ಇಂದುಮತಿ ಪ್ರಸನ್ನನನ್ನು ಮೊದಲ ಸಲ ಕಂಡಾಗ ಅವನು ಮೊಣಕಾಲುದ್ದದ ಚರಂಡಿ ನೀರಿನಲ್ಲಿ ನಿಂತಿದ್ದ. ಪ್ಯಾಂಟು ಮಡಚಿಕೊಂಡು, ತಲೆಗೆ ಚೌಕಳಿಯ ಗಮ್ಛಾ ಸುತ್ತಿಕೊಂಡು, ಬಗ್ಗಿ ಏನನ್ನೋ ತಡಕಾಡುತ್ತಿದ್ದವನನ್ನು ಅವಳು ಚರಂಡಿ ತೆಗೆಯಲು ಬಂದ ಆಳೆಂದೇ ತಿಳಿದಳು. ಮೋಡ ಕವಿದಿತ್ತು. ಇನ್ನೊಂದು ಗಂಟೆಯೊಳಗೆ ಮಳೆ ಬರುವುದಿತ್ತು. ಮೇಲೆ ಬಾ, ಹೀಗೆ ತುಳಿದರೆ ತಳದ ಕೆಸರೆಲ್ಲ ಏಳುತ್ತದೆ, ನಾನು ಇಲ್ಲಿಯೇ ನೀರು ತುಂಬಬೇಕು, ಕದಡಿದ ನೀರಿನಿಂದ ನನಗೆ ಉಪಯೋಗವಿಲ್ಲ ಎಂದು ಬಂಗಾಳಿಯಲ್ಲಿ ಗದರಿದಳು.

ಅವನು ಎದುರಾಡದೆ ಮೇಲೆ ಹತ್ತಿದ. ಕಳಚಿಬಿದ್ದ ನಟ್ಟೊಂದು ಅಂಗೈಯಲ್ಲಿತ್ತು. ಅದನ್ನು ಒರೆಸುತ್ತ ತನ್ನಷ್ಟಕ್ಕೆ ಗೊಣಗಿದ.

"ಗಟಾರಕ್ಕೂ ಒಬ್ಬಾಕಿ ಒಡತಿ ಇರ್ತಾಳ ಅಂತ ನನಗ ಗೊತ್ತಿರ್ಲಿಲ್ಲ."

ಕಲ್ಕತ್ತದ ಕಸ್ಬಾದ ಒಂದು ಓಣಿಯಲ್ಲಿ, ಇಲ್ಲಿಯವರು ಪುಕುರು ಎನ್ನುವ ಕೆರೆಯ ದಂಡೆಯ ಮೇಲೆ, ಧಾರವಾಡದ ಮಾತು. ಇಂದುಮತಿಗೆ ನಗು ಬಂತು. ಅದನ್ನು ತುಟಿಯೊಳಗೇ ಹಿಡಿದುಕೊಂಡಳು.

"ಒಡತಿ ಅಲ್ಲ ರೀ. ನೀರು ಪರೀಕ್ಷೆ ಮಾಡೋಳು," ಎಂದಳು.

ಅವನು ನಟ್ಟನ್ನು ಕೈಬಿಟ್ಟ. ಅದು ಮತ್ತೆ ಚರಂಡಿಗೇ ಬಿತ್ತು. ಇಬ್ಬರೂ ಅದು ಮುಳುಗಿದ ಜಾಗವನ್ನೇ ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

ಇಂದುಮತಿಯ ತಂದೆ ನರಸಿಂಹಮೂರ್ತಿಗಳು ರೈಲ್ವೆಯಲ್ಲಿದ್ದು ನಿವೃತ್ತರಾದವರು. ಹಾಸನದ ಕಡೆಯಿಂದ ಬಂದು ಟಾಲಿಗಂಜಿನಲ್ಲಿ ನೆಲೆನಿಂತು ಮೂವತ್ತು ವರ್ಷ ದಾಟಿತ್ತು. ಇಂದುಮತಿ ಹುಟ್ಟಿದ್ದು ಓದಿದ್ದು ಎಲ್ಲ ಈ ಊರಿನಲ್ಲೇ. ಅವಳ ಕನ್ನಡ ಅಡುಗೆಮನೆಯಲ್ಲಿ ತಾಯಿ ಸುಭದ್ರಮ್ಮನಿಂದ, ದೇವರ ಮನೆಯಲ್ಲಿ ತಂದೆಯಿಂದ ಕಲಿತದ್ದು. ನೀರನ್ನು ಪರೀಕ್ಷಿಸುವ ಒಂದು ಲ್ಯಾಬಿನಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದಳು. ಅವಳು ಕೊಟ್ಟ ಅಂಕಿಯನ್ನು ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ, ಅಷ್ಟು ನಂಬಿಕೆ.

ಪ್ರಸನ್ನ ಬಂದದ್ದು ತನ್ನ ತೊಟ್ಟಿಯ ಜೊತೆಗೆ. ಆಕಾಶದಿಂದ ದೇವರು ಕಳಿಸುವಾಗ ಮಳೆಯ ನೀರು ನಿರ್ಮಲವೇ. ರಸ್ತೆಗೆ ಬಿದ್ದ ಮೇಲೆ ಟೈರಿನ ಪುಡಿ, ಎಣ್ಣೆ, ಧೂಳು, ಕೊಳೆತ ಎಲೆ ಎಲ್ಲವನ್ನೂ ಹೊತ್ತುಕೊಂಡು ಓಡಿ ಪುಕುರಿಗೆ ಬೀಳುತ್ತದೆ. ಆ ಹಳೆಯ ಕೆರೆಯ ಮೀನು ಸಾಯುತ್ತದೆ, ನೀರು ಹಸಿರಾಗುತ್ತದೆ. ಪ್ರಸನ್ನ ಚರಂಡಿಯ ಬಾಯಿಗೂ ಪುಕುರಿಗೂ ನಡುವೆ ನೆಲದೊಳಗೆ ಒಂದು ಕಾಂಕ್ರೀಟ್ ತೊಟ್ಟಿ ಹುಗಿದಿದ್ದ. ಅದರೊಳಗೆ ಮರಳು, ಇದ್ದಿಲು, ಇಲ್ಲಿಯದೇ ಸೆಣಬಿನ ದಪ್ಪ ಹಾಸು, ಹೀಗೆ ಪದರ ಪದರ. ನೀರು ಒಂದು ಕಡೆಯಿಂದ ಒಳಹೊಕ್ಕು ಕೊಳೆಯನ್ನು ಅಲ್ಲೇ ಬಿಟ್ಟು ಇನ್ನೊಂದು ಕಡೆ ಹೊರಬರಬೇಕು. ಧಾರವಾಡದ ಸಣ್ಣದೊಂದು ಕಂಪನಿಗಾಗಿ ನಾಲ್ಕು ವರ್ಷ ಕೂತು ಅವನೇ ಅದನ್ನು ರೂಪಿಸಿದ್ದ.

ಒಳಹೋದ ಕೊಳೆ ನೂರು ಪಾಲು ಇದ್ದರೆ ತೊಟ್ಟಿ ಎಷ್ಟು ಪಾಲು ಹಿಡಿಯಿತು ಎಂಬುದೇ ಪರೀಕ್ಷೆ. ಒಂದು ಮಳೆಗಾಲದ ಸರಾಸರಿ ಎಂಬತ್ತು ಬಂದರೆ ಊರಿನ ಇನ್ನೂ ನಲವತ್ತು ಪುಕುರುಗಳಿಗೆ ಅದೇ ತೊಟ್ಟಿ. ಬರದಿದ್ದರೆ ಇಲ್ಲ. ಕಡಿಮೆಯೆಂದರೂ ಹತ್ತು ಮಳೆ ಲೆಕ್ಕಕ್ಕೆ ಸಿಗಬೇಕೆಂದು, ಪುಕುರುಗಳ ಹೊಣೆ ಹೊತ್ತು ಈ ಪರೀಕ್ಷೆ ಮಾಡಿಸುತ್ತಿದ್ದ ಸಮಿತಿಯ ನಿಯಮ. ಎಲ್ಲ ಮಳೆಯೂ ಲೆಕ್ಕಕ್ಕೆ ಬರುವುದಿಲ್ಲ. ಮೂರು ದಿನ ರಸ್ತೆ ಒಣಗಿ ಕೊಳೆ ಕೂಡಿಕೊಂಡ ಮೇಲೆ, ಗಟ್ಟಿಯಾಗಿ ಸುರಿದ ಮಳೆಯೇ ಆಗಬೇಕು. ತೊಟ್ಟಿ ಮಾಡಿದವನು ಬಾಟಲಿ ಮುಟ್ಟುವಂತಿಲ್ಲ. ಮಳೆ ಶುರುವಾದ ಮೇಲೆ ರಸ್ತೆಯಾಚೆಯ ಚಹಾದಂಗಡಿಯ ಸೂರು ದಾಟಿ ಈಚೆಗೆ ಬರುವಂತೆಯೂ ಇಲ್ಲ.

ಆ ನಿಯಮದಲ್ಲಿಯೇ ಅವರಿಬ್ಬರ ಭಾಗ್ಯವೂ ಅಡಗಿತ್ತು ಎನ್ನಬೇಕು.

ಒಳಬಾಯಿಯಲ್ಲಿ ಇಂದುಮತಿ ಬಾಟಲಿ ತುಂಬುತ್ತಿದ್ದಳು. ಪುಕುರಿಗೆ ಕಟ್ಟಿದ ಗೋಡೆಯ ಆ ಬದಿ, ಹೊರಬಾಯಿಯಲ್ಲಿ, ಲ್ಯಾಬಿನ ಹಳೆಯ ಕೆಲಸಗಾರ ಬಸುದಾ ಛತ್ರಿ ಬಿಚ್ಚಿ ಕೂತಿರುತ್ತಿದ್ದ. ಇಲ್ಲಿ ಒಳಹೊಕ್ಕ ನೀರು ಅಲ್ಲಿ ಹೊರಬರಲು ಆರು ನಿಮಿಷ ಬೇಕು. ಅವಳು ಸೀಟಿ ಊದಿದ ಆರು ನಿಮಿಷಕ್ಕೆ ಬಸುದಾ ತನ್ನ ಬಾಟಲಿ ತುಂಬಬೇಕು. ಆಗಲೇ ಅದು ಅದೇ ನೀರು. ಆ ಆರು ನಿಮಿಷ ಇಂದುಮತಿಗೆ ಕೆಲಸವಿಲ್ಲ. ರಸ್ತೆ ದಾಟಿ ಚಹಾದಂಗಡಿಗೆ ಬರುತ್ತಿದ್ದಳು. ಅಲ್ಲಿ ಪ್ರಸನ್ನ ಎರಡು ಮಣ್ಣಿನ ಭಾಂಡಗಳಲ್ಲಿ ಚಹಾ ಹಿಡಿದು ನಿಂತಿರುತ್ತಿದ್ದ. ಒಂದು ಮಳೆಗೆ ಅಂಥ ಆರು ನಿಮಿಷಗಳು ಐದೋ ಆರೋ ಸಿಗುತ್ತಿದ್ದವು. ಅವರ ಪ್ರೀತಿ ಬೆಳೆದದ್ದು ಹಾಗೆ, ತುಂಡು ತುಂಡಾಗಿ.

"ಬಾಟ್ಲಿ ಮೂರು ಸಲ ತೊಳೀತೀರಿ. ಚಹಾದ ಭಾಂಡ ಯಾಕ ತೊಳಿಯಂಗಿಲ್ಲ?" ಎಂದು ಅವನು ಕೇಳಿದ, ಎರಡನೆಯ ಮಳೆಯ ದಿನ.

"ಚಹಾಗೆ ಪರೀಕ್ಷೆ ಇಲ್ಲ."

"ನನಗ?"

ಅವಳು ಚಹಾದ ಹಬೆಯಾಚೆಯಿಂದ ಅವನನ್ನು ನೋಡಿದಳು. ಮಳೆಯ ಹನಿಯೊಂದು ಅವನ ಹುಬ್ಬಿನ ತುದಿಯಲ್ಲಿ ಬೀಳಲೋ ಬೇಡವೋ ಎಂಬಂತೆ ನಿಂತಿತ್ತು.

"ನಿಮಗಿದೆ," ಎಂದಳು. "ಫಲಿತಾಂಶ ಈಗಲೇ ಹೇಳೋ ಹಾಗಿಲ್ಲ."

ಅವನು ಅವಳ ಕನ್ನಡವನ್ನು ರೇಗಿಸುತ್ತಿದ್ದ. ಅವಳು ಮಾತಿನ ನಡುವೆ ಮಳೆಗೆ ಬೃಷ್ಟಿ ಎನ್ನುವುದು, ಕೋಪ ಬಂದರೆ ಬಂಗಾಳಿಗೆ ಹೊರಳುವುದು ಎಲ್ಲವನ್ನೂ ನೆನಪಿಟ್ಟು ಒಪ್ಪಿಸುತ್ತಿದ್ದ. ಅವಳು ಅವನ ತೊಟ್ಟಿಯನ್ನು ಡಬ್ಬಿ ಎಂದೇ ಕರೆಯುತ್ತಿದ್ದಳು. ಡಬ್ಬಿ ಚೆನ್ನಾಗಿದೆಯಾ, ಡಬ್ಬಿಗೆ ನೆಗಡಿಯಾಗಿದೆಯಾ ಎಂದು ಕೇಳುವಳು. ಮುಖ ಸಿಂಡರಿಸಿದ ಹಾಗೆ ಮಾಡುತ್ತ ಅವನು ಒಳಗೊಳಗೇ ಸಂತೋಷಪಡುತ್ತಿದ್ದುದು ಅವನ ಕಿವಿಗಳಲ್ಲಿ ಕಾಣುತ್ತಿತ್ತು, ಅವು ಕೆಂಪಾಗುತ್ತಿದ್ದವು. ಚಹಾದಂಗಡಿಯ ಮುದುಕಿ ಇಬ್ಬರ ಕನ್ನಡವೂ ತಿಳಿಯದೆ ಎಲ್ಲವನ್ನೂ ತಿಳಿದುಕೊಂಡು, ಹೇಳದೆಯೇ ಶುಂಠಿ ಜಜ್ಜಿ ಹಾಕುತ್ತಿದ್ದಳು.

ಆದರೆ ಅಂಕಿ ಏಳುತ್ತಿರಲಿಲ್ಲ. ಮೊದಲ ಮಳೆ ಅರವತ್ತೆರಡು. ಎರಡನೆಯದು ಅರವತ್ತೇಳು. ಮೂರನೆಯದು ಎಪ್ಪತ್ತೊಂದು.

ಹೊಸ ತೊಟ್ಟಿ ಹಾಗೆಯೇ ಎಂದು ಪ್ರಸನ್ನ ಹೇಳಿದ. ಮರಳು, ಇದ್ದಿಲು ಮೊದಲು ತಮ್ಮದೇ ಧೂಳನ್ನು ತೊಳೆದುಕೊಳ್ಳುತ್ತವೆ; ಸೆಣಬು ನೆನೆದು ಹದಕ್ಕೆ ಬರಬೇಕು; ನಾಲ್ಕಾರು ಮಳೆ ಕಳೆಯಲಿ ನೋಡಿ ಎಂದ. ಹೇಳುವಾಗ ದನಿ ಗಟ್ಟಿಯಿತ್ತು. ಆಮೇಲೆ ಭಾಂಡದ ತಳ ನೋಡುತ್ತ, ಯಾವುದೋ ಸಣ್ಣ ವಿಷಯದ ಹಾಗೆ ಇನ್ನೊಂದು ಮಾತು ಸೇರಿಸಿದ.

"ಇದು ಆಗ್ಲಿಲ್ಲಂದ್ರ ಇಲ್ಲಿ ಕೆಲಸ ಮುಚ್ಚತಾರ. ನನ್ನ ಸೂರತ್‌ಗೆ ಕಳಸ್ತಾರ. ಅಲ್ಲಿ ಬಟ್ಟೆ ಕಾರ್ಖಾನಿ ನೀರು."

ಆರು ನಿಮಿಷ ಮುಗಿದಿತ್ತು. ಅವಳು ಓಡಿದಳು. ಮೂರು ಸಲ ತೊಳೆಯುವ ಬಾಟಲಿಯನ್ನು ಅಂದು ನಾಲ್ಕು ಸಲ ತೊಳೆದಳು.

ನಾಲ್ಕನೆಯ ಮಳೆ ಜುಲೈ ಕೊನೆಯಲ್ಲಿ ಬಂತು. ಚರಂಡಿಯ ಆಳ ನೋಡಲು ಅವಳ ಬಳಿ ಅಳತೆಯ ಗೆರೆ ಹಾಕಿದ ಕೋಲೊಂದಿತ್ತು. ಪ್ರತಿ ಸಲವೂ ಅದನ್ನು ನೀರಿಗಿಳಿಸಿ, ಗೆರೆ ಓದಿ, ಮೇಲೆತ್ತುವುದು ಪದ್ಧತಿ. ಅಂದು ಇಳಿಸಿದ ಕೋಲನ್ನು ತಳದಲ್ಲಿ ಎರಡು ಸುತ್ತು ತಿರುಗಿಸಿದಳು. ಕಪ್ಪು ಕೆಸರು ಹೊಗೆಯಂತೆ ಎದ್ದಿತು. ಅದರ ಬಾಯಿಗೆ ಬಾಟಲಿ ಹಿಡಿದಳು.

ಒಳಹೋಗುವ ನೀರು ಹೆಚ್ಚು ಕೊಳೆಯಾದಷ್ಟೂ ತೊಟ್ಟಿ ಹೆಚ್ಚು ಪಾಲು ಕೊಳೆ ಹಿಡಿದ ಹಾಗೆ ಕಾಣುತ್ತದೆ. ಗೋಡೆಯಾಚೆ ಬಸುದಾನಿಗೆ ಏನೂ ಕಾಣದು. ರಸ್ತೆಯಾಚೆ ಪ್ರಸನ್ನನಿಗೆ ಕಂಡದ್ದು ಬಗ್ಗಿದ ಅವಳ ಬೆನ್ನು, ನೆನೆದ ಜಡೆ ಮಾತ್ರ.

ಅವಳು ಸುಳ್ಳು ಹೇಳುತ್ತ ಬೆಳೆದವಳಲ್ಲ. ದಿನವೂ ದೇವರಿಗೆ ದೀಪ ಹಚ್ಚಿಯೇ ಮನೆ ಬಿಡುವವಳು. ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಲು ಅವಳಿಗೂ ದಾರಿ ಸಿಕ್ಕಿತು. ತೊಟ್ಟಿ ಹೇಗೂ ಹದಕ್ಕೆ ಬರುತ್ತದೆ. ನಾಳೆ ಸಿಗುವುದನ್ನೇ ಇವತ್ತು ಕೊಟ್ಟೆ, ಅಷ್ಟೇ. ಫಲಿತಾಂಶ ಎಂಬತ್ತೆಂಟು ಬಂತು. ಪ್ರಸನ್ನನಿಗೆ ಫೋನಿನಲ್ಲಿ ಹೇಳಿದಳು. ಅವನು ನಕ್ಕ. ಅಂಥ ನಗುವನ್ನು ಒಂದು ಸಲ ಕೇಳಿದವರು ಎರಡನೆಯ ಸಲಕ್ಕೂ ಆಸೆಪಡುತ್ತಾರೆ. ಐದನೆಯ ಮಳೆಗೂ ಆರನೆಯ ಮಳೆಗೂ ಕೋಲು ತಳದಲ್ಲಿ ತಿರುಗಿತು.

ಏಳನೆಯ ಮಳೆ ಕೃಷ್ಣಾಷ್ಟಮಿಯ ದಿನ ಬಂತು. ಬೆಳಿಗ್ಗೆ ತಾಯಿ ಹೇಳಿದಂತೆ ಅವಳು ಬಾಗಿಲಿನಿಂದ ದೇವರ ಮನೆಯವರೆಗೆ ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪುಟ್ಟ ಹೆಜ್ಜೆಗಳನ್ನು ಬರೆದಿದ್ದಳು. ಬೆರಳ ಸಂದಿಯಲ್ಲಿ ಹಿಟ್ಟು ಇನ್ನೂ ಬೆಳ್ಳಗಿತ್ತು. ಆ ಕೈಯಲ್ಲಿ ಕೋಲು ತಿರುಗಿಸಲು ಆಗಲಿಲ್ಲ. ಗೆರೆ ಓದಿ ಮೇಲೆತ್ತಿಬಿಟ್ಟಳು. ಇಂದು ಎಪ್ಪತ್ತೈದು ಬರಬಹುದು, ದೇವರಿಟ್ಟಂತೆ ಆಗಲಿ ಎಂದುಕೊಂಡಳು.

ಎಂಬತ್ತಾರು ಬಂತು.

ಲೆಕ್ಕವನ್ನು ಮೂರು ಸಲ ಹಾಕಿ ನೋಡಿದಳು. ಎಂಬತ್ತಾರೇ. ಅವನು ಹೇಳಿದ್ದು ಹೇಳಿದಂತೆಯೇ ಆಗಿತ್ತು. ತೊಟ್ಟಿ ಹದಕ್ಕೆ ಬಂದಿತ್ತು. ಲ್ಯಾಬಿನ ಎತ್ತರದ ಸ್ಟೂಲಿನ ಮೇಲೆ ಇಂದುಮತಿ ಕೈ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಅಂದೇ ಹೇಳಬಹುದಿತ್ತು. ಹೇಳಿದ್ದರೆ ಮಳೆಗಾಲ ಇನ್ನೂ ಮುಂದಿತ್ತು, ಕೆಡಿಸಿದ ಮಳೆಗಳ ಬದಲು ಬೇರೆ ಮಳೆಗಳು ಸಿಗಬಹುದಿತ್ತು. ಆದರೆ ಮುಂದಿನ ವಾರವೇ ಗೌರಿ ಹಬ್ಬ. ಪ್ರಸನ್ನನನ್ನು ಊಟಕ್ಕೆ ಕರೆಯಲು ತಾಯಿ ಹೇಳಿದ್ದರು.

ಅವನು ಬಂದ. ಕಡುಬು ತಿಂದ. ನರಸಿಂಹಮೂರ್ತಿಗಳ ಜೊತೆ ಹಳೆಯ ಉಗಿಬಂಡಿಗಳ ವಿಷಯ ಒಂದು ಗಂಟೆ ಮಾತಾಡಿದ. ಹೊರಡುವಾಗ ಸುಭದ್ರಮ್ಮ, ಮುಂದಿನ ವರ್ಷ ಗೌರಿಗೆ ನಿಮ್ಮ ತಾಯಿಯನ್ನೂ ಕರ್ಕೊಂಡು ಬಾಪ್ಪ ಎಂದರು. ಅವನು ಇಂದುಮತಿಯ ಕಡೆ ನೋಡದೆಯೇ ಹೂಂ ಎಂದ. ಅವನ ಕಿವಿ ಕೆಂಪಾಯಿತು. ಇದೆಲ್ಲವನ್ನೂ ತನ್ನ ಕೈಯಿಂದಲೇ ಒರೆಸಿಹಾಕುವ ಧೈರ್ಯ ಅವಳಿಗೆ ಬರಲಿಲ್ಲ. ಎಂಬತ್ತೆಂಟು, ತೊಂಬತ್ತು, ಎಂಬತ್ತೊಂಬತ್ತು, ತೊಂಬತ್ತೊಂದು. ಉಳಿದ ಮಳೆಗಳು ತಾವಾಗಿಯೇ ಗೆದ್ದವು. ಮಹಾಲಯ ಕಳೆಯುವ ಹೊತ್ತಿಗೆ ಒಟ್ಟು ಹನ್ನೊಂದು ಮಳೆ ಲೆಕ್ಕಕ್ಕೆ ಸಿಕ್ಕಿದ್ದವು.

ಮಹಾಲಯದ ಮರುದಿನ ಮಧ್ಯಾಹ್ನ ಪ್ರಸನ್ನ ಲ್ಯಾಬಿಗೆ ಬಂದ. ಹೊರಗೆ ಪೂಜೆಯ ಪೆಂಡಾಲಿಗೆ ಬಿದಿರು ಕಟ್ಟುವ ಸದ್ದು ಕೇಳಿಸುತ್ತಿತ್ತು. ಸಮಿತಿಯ ಮುಂದೆ ತೋರಿಸಲು ಅವನಿಗೆ ಫೋಟೋ ಬೇಕಿತ್ತು. ಪ್ರತಿ ಮಳೆಯ ಒಳನೀರು ಹೊರನೀರು ಒಂದೊಂದು ಬಾಟಲಿಯನ್ನು ಫ್ರಿಜ್ಜಿನಲ್ಲಿ ಉಳಿಸಿಡುವುದು ಲ್ಯಾಬಿನ ರೂಢಿ. ಬಾಟಲಿ ಮುಟ್ಟುವುದು ಬೇಡ, ನೋಡಬಹುದು ಎಂದು ನಗುತ್ತ ಇಂದುಮತಿ ಅವುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೂರನ್ನು ಬಿಡಬೇಕೆಂಬ ಯೋಚನೆ ಅವಳಿಗೆ ಬಂದಿತ್ತು. ಹೇಗೆ ಬಿಡುವುದು? ಎಲ್ಲಕ್ಕೂ ಅಂಕಿ ಅಂಟಿಸಿತ್ತು.

ಪ್ರಸನ್ನ ಮೊಬೈಲ್ ಹಿಡಿದು ಬಗ್ಗಿದ. ನಾಲ್ಕನೆಯ ಮಳೆಯ ಒಳನೀರಿನ ಬಾಟಲಿಯ ಮುಂದೆ ನಿಂತ. ಐದನೆಯದಕ್ಕೆ ಹೋಗಿ ಮತ್ತೆ ನಾಲ್ಕನೆಯದಕ್ಕೆ ಬಂದ. ತಳದಲ್ಲಿ ಕೂತಿದ್ದ ಕಪ್ಪು ಮಣ್ಣಿನ ಮೇಲೆ ದಾರದ ಎಳೆಯಂಥ ಕೆಂಪು ಹುಳುಗಳು ಸತ್ತು ಬಿದ್ದಿದ್ದವು. ಚರಂಡಿಯ ತಳದ ಹಳೆಯ ಕೆಸರಿನಲ್ಲಿ ಮನೆಮಾಡುವ ಹುಳು ಅದು. ರಸ್ತೆ ತೊಳೆದು ಬರುವ ಮಳೆನೀರಿನಲ್ಲಿ ಇರುವುದಿಲ್ಲ.

"ಯಾರೋ ತಳಾ ಕದಡ್ಯಾರ," ಎಂದ. ಐದು, ಆರು ನೋಡಿದ. ಉಳಿದವನ್ನೂ ನೋಡಿದ. "ಮೂರು ಸಲ."

ಆಮೇಲೆ ಮಾತು ಬೇಗ ಬೇಗ ಬಂತು. ಬಸುದಾನೇ ಇರಬೇಕು, ಮುದುಕನಿಗೆ ನಿಲ್ಲಲಾರದೆ ಯಾವಾಗಲೋ ಒಳಬಾಯಿಯ ಕಡೆ ಚರಂಡಿಗೆ ಇಳಿದಿರಬೇಕು, ಇಂಥವರನ್ನು ಇಟ್ಟುಕೊಂಡರೆ ಎಲ್ಲರ ಹೆಸರೂ ಕೆಡುತ್ತದೆ, ನಿಮ್ಮ ಮೇಲಿನವರಿಗೆ ಈಗಲೇ ಬರೆಯುತ್ತೇನೆ ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಅವಳನ್ನು ಕಾಪಾಡುವ ಆತುರವೇ ಹೆಚ್ಚಿತ್ತು. ಬಸುದಾ ಪಕ್ಕದ ಕೋಣೆಯಲ್ಲಿ ಬಾಟಲಿ ತೊಳೆಯುತ್ತಿದ್ದ. ನಲ್ಲಿಯ ಸದ್ದು ಕೇಳಿಸುತ್ತಿತ್ತು. ಅವನು ನಿವೃತ್ತನಾಗಲು ನಾಲ್ಕು ತಿಂಗಳಿತ್ತು.

"ಬಸುದಾ ಅಲ್ಲ," ಎಂದಳು ಇಂದುಮತಿ. "ನಾನು."

"ನೀವಂದ್ರ?"

"ನಾನೇ ಕದಡಿದೆ. ಅಳತೆ ಕೋಲಿನಿಂದ. ನೀವು ಸೂರತ್‌ಗೆ ಹೋಗ್ತೀರಿ ಅಂದ್ರಲ್ಲ..." ಇಷ್ಟು ತಿಂಗಳು ಚಹಾದಂಗಡಿಯ ಸೂರಿನಡಿ ಹೇಳದೆ ಉಳಿಸಿಕೊಂಡಿದ್ದ ಮಾತು ಈಗ ತಪ್ಪೊಪ್ಪಿಗೆಯ ಬೆನ್ನಿಗೇ ಬಂತು. "ನೀವು ಹೋದ್ರೆ ನನಗೆ ಆಗ್ತಿರ್ಲಿಲ್ಲ. ನಿಮ್ಮನ್ನ ಅಷ್ಟು ಇಷ್ಟಪಟ್ಟುಬಿಟ್ಟಿದ್ದೆ."

ಅವನು ಕುರ್ಚಿ ಎಳೆದುಕೊಂಡು ಕೂತ. ಅವಳ ಕಡೆ ನೋಡಲಿಲ್ಲ. ಮೊಬೈಲಿನಲ್ಲಿ ಒಂದೊಂದೇ ಅಂಕಿ ಒತ್ತಿದ. ಮೂರನ್ನು ಬಿಟ್ಟು ಉಳಿದ ಎಂಟು. ಕೊನೆಯದನ್ನು ಒತ್ತಿ ಪರದೆ ನೋಡಿದ. ಅದನ್ನು ಅವಳ ಕಡೆಗೆ ತಿರುಗಿಸಿ ಮೇಜಿನ ಮೇಲಿಟ್ಟ.

ಎಂಬತ್ತೂವರೆ.

"ಪಾಸ್ ಆಗಿತ್ತು," ಎಂದ. "ತನ್ನಷ್ಟಕ್ಕ ತಾನ ಪಾಸ್ ಆಗಿತ್ತು ಅದು."

ನಿಯಮಕ್ಕೆ ಹತ್ತು ಬೇಕು. ಎಂಟೇ ಉಳಿದಿದ್ದವು. ಮುಚ್ಚಿಹಾಕಬಹುದಾಗಿತ್ತು, ಆ ಕೋಣೆಯಲ್ಲಿ ಇದ್ದವರು ಇಬ್ಬರೇ. ಅವನು ಹಾಗೆ ಹೇಳಬಹುದೇನೋ ಎಂದು ಒಂದು ಗಳಿಗೆ ಇಂದುಮತಿಯ ಜೀವ ಕಾದುಕೊಂಡಿತು. ಹೇಳಿದ್ದರೆ ಅವನು ಅವನಾಗಿ ಉಳಿಯುತ್ತಿರಲಿಲ್ಲ ಎಂದೂ ಅವಳಿಗೆ ಗೊತ್ತಿತ್ತು. ಅವನು ಮೊಬೈಲ್ ಜೇಬಿಗಿಟ್ಟುಕೊಂಡು ಎದ್ದುಹೋದ. ಮೇಜಿನ ಮೇಲಿದ್ದ ಬಾಟಲಿಗಳನ್ನು ಅವಳೇ ಒಂದೊಂದಾಗಿ ಫ್ರಿಜ್ಜಿಗೆ ಇಟ್ಟಳು. ಅಂದು ಸಂಜೆಯೇ ಸಮಿತಿಗೆ ಕಾಗದ ಬರೆದಳು. ನಾಲ್ಕು, ಐದು, ಆರನೆಯ ಮಳೆಯ ಅಂಕಿಗಳನ್ನು ತೆಗೆದುಹಾಕಬೇಕು, ಒಳನೀರನ್ನು ಕದಡಿದವಳು ನಾನು, ತೊಟ್ಟಿ ಮಾಡಿದವರಿಗೆ ಇದು ತಿಳಿದಿರಲಿಲ್ಲ. ಕಾರಣ ಎಂಬ ಜಾಗದಲ್ಲಿ ವೈಯಕ್ತಿಕ ಎಂದಷ್ಟೇ ಬರೆದು ಸಹಿ ಮಾಡಿದಳು.

ಸಮಿತಿ ಒಂದು ದಯೆ ತೋರಿತು. ದೀಪಾವಳಿಯಂದು ಬರುವ ಕಾಳಿಪೂಜೆಯವರೆಗೆ ಸಮಯ, ಅಷ್ಟರೊಳಗೆ ಇನ್ನೆರಡು ಮಳೆ ಸಿಕ್ಕರೆ ಸರಿ. ಇಂದುಮತಿ ಇನ್ನು ಬಾಟಲಿ ಮುಟ್ಟುವಂತಿಲ್ಲ. ಆ ಕೆಲಸ ಹೊಸದಾಗಿ ಸೇರಿದ್ದ ಶ್ರಾವ್ಯಾ ಎಂಬ ಹುಡುಗಿಗೆ ಹೋಯಿತು.

ದುರ್ಗಾಪೂಜೆಯ ಐದು ದಿನವೂ ಆಕಾಶ ತೊಳೆದಿಟ್ಟ ಹಾಗಿತ್ತು. ಊರೆಲ್ಲ ಹೊಸ ಬಟ್ಟೆ ತೊಟ್ಟು ಪೆಂಡಾಲಿನಿಂದ ಪೆಂಡಾಲಿಗೆ ನಡೆಯಿತು. ಮಳೆ ಬಾರದಿದ್ದುದು ತಾಯಿಯ ಕೃಪೆ ಎಂದಿತು. ಇಂದುಮತಿ ಬೆಳಿಗ್ಗೆ ಎದ್ದರೆ ಮೊದಲು ಕಿಟಕಿ ತೆಗೆದು ಮೇಲೆ ನೋಡುತ್ತಿದ್ದಳು.

ದುರ್ಗಾಪೂಜೆ ಮುಗಿದ ಹುಣ್ಣಿಮೆಗೆ ಇಲ್ಲಿ ಮಾಡುವ ಲಕ್ಷ್ಮೀಪೂಜೆಯ ಮಧ್ಯಾಹ್ನ ಒಂದು ಮಳೆ ಬಂತು. ಶ್ರಾವ್ಯಾ ಒಳಬಾಯಿಯಲ್ಲಿ ನಿಂತು ಸೀಟಿ ಊದಿದಳು. ಇಂದುಮತಿಯೂ ಈಗ ಸೂರು ದಾಟುವಂತಿಲ್ಲದವಳು. ಚಹಾದಂಗಡಿಯಲ್ಲಿ ಪ್ರಸನ್ನನ ಪಕ್ಕದಲ್ಲಿ, ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಳು. ಮುದುಕಿ ಶುಂಠಿ ಹಾಕಿದ ಚಹಾ ಎರಡು ಕೊಟ್ಟಳು. ಓಡಿಹೋಗುವ ಕೆಲಸವಿಲ್ಲದೆ ಇಡೀ ಮಳೆಯೇ ಅವರದಾಗಿತ್ತು. ಚಹಾ ಭಾಂಡದಲ್ಲೇ ಆರಿತು. ಅವಳ ಬಲತೋಳಿಗೆ ಎರಚಲು ಹೊಡೆಯುತ್ತಿತ್ತು. ಒಂದು ಸಲ ಅವನು ಛತ್ರಿಯನ್ನು ಅವಳ ಕಡೆ ವಾಲಿಸಿದ, ಅಪರಿಚಿತರಿಗೂ ಹಿಡಿಯುವ ಹಾಗೆ. ಅವಳಿಗೆ ಅದೇ ಎಲ್ಲಕ್ಕಿಂತ ಹೆಚ್ಚು ನೋಯಿತು.

ಆ ಮಳೆಗೆ ತೊಂಬತ್ತೆರಡು ಬಂತು. ಒಂಬತ್ತಾಯಿತು. ಇನ್ನೊಂದು ಬೇಕು.

ಕಾಳಿಪೂಜೆಗೆ ನಾಲ್ಕು ದಿನವಿರುವಾಗ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿದೆ ಎಂದು ಸುದ್ದಿ ಬಂತು. ನೇರ ಇತ್ತಲೇ ಬರುತ್ತದೆಂದರು. ಅಂಗಡಿಗಳವರು ಬೋರ್ಡುಗಳನ್ನು ಹಗ್ಗದಲ್ಲಿ ಕಟ್ಟಿದರು. ಸುಭದ್ರಮ್ಮ ಮೇಣದಬತ್ತಿ, ಅವಲಕ್ಕಿ ತರಿಸಿಟ್ಟರು. ಸಮುದ್ರದಂಚಿನ ಹಳ್ಳಿಗಳವರನ್ನು ಶಾಲೆಗಳಿಗೆ ಸಾಗಿಸುವುದನ್ನು ಟಿವಿಯಲ್ಲಿ ತೋರಿಸುತ್ತಿದ್ದರು: ಮಡಿಲಲ್ಲಿ ಕೋಳಿ ಕಟ್ಟಿಕೊಂಡ ಹೆಂಗಸರು, ಹೆಗಲ ಮೇಲೆ ಮಕ್ಕಳು. ನರಸಿಂಹಮೂರ್ತಿಗಳು ದೇವರ ಮುಂದೆ ಕೂತು ಸ್ತೋತ್ರ ಹೇಳುತ್ತಿದ್ದರು. ಇಂದುಮತಿ ಅವರ ಹಿಂದೆ ಕೂತು ಕಣ್ಣು ಮುಚ್ಚಿದಳು. ಮನೆಯವರೆಲ್ಲ ಏನು ಬೇಡುತ್ತಿದ್ದರೋ ಅವಳು ಅದಕ್ಕೆ ಎದುರಾದದ್ದನ್ನು ಬೇಡಿದಳು. ಬರಲಿ, ಅದು ಬರಲಿ, ಒಂದೇ ಒಂದು ಮಳೆ. ತುಟಿ ಅಲುಗುತ್ತಿದ್ದುದು ನಿಂತಾಗ ತಾನು ಏನು ಬೇಡುತ್ತಿದ್ದೇನೆಂದು ಅವಳಿಗೆ ಅರಿವಾಯಿತು. ಆದರೂ ಬೇಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಚಂಡಮಾರುತ ಪೂರ್ವಕ್ಕೆ ಹೊರಳಿ, ಸಮುದ್ರದ ಮೇಲೆಯೇ ಸೊರಗಿಹೋಯಿತು. ಓಣಿಯ ಹೆಂಗಸರು ಮನೆಮನೆಯಿಂದ ಶಂಖ ಊದಿದರು. ಸುಭದ್ರಮ್ಮ ತುಪ್ಪದ ದೀಪ ಹಚ್ಚಿ, ಬಾ, ಆರತಿ ತಗೋ ಎಂದು ಮಗಳನ್ನು ಕರೆದರು. ಅವಳು ಕೈ ಚಾಚಿದಳು. ಬೆಂಕಿಯ ಮೇಲೆ ಅಂಗೈ ಹಿಡಿದಳು. ಅದನ್ನು ಕಣ್ಣಿಗೆ ಒತ್ತಿಕೊಳ್ಳಲು ಆಗಲಿಲ್ಲ.

ಪಾರ್ಕ್ ಸ್ಟ್ರೀಟಿನ ಕಚೇರಿಯೊಂದರಲ್ಲಿ ಸಮಿತಿ ಸೇರಿತು. ಒಂಬತ್ತು ಮಳೆಯ ಸರಾಸರಿ ಎಂಬತ್ತೊಂದೂ ಮುಕ್ಕಾಲು. ಆದರೆ ಒಂಬತ್ತು ಹತ್ತಲ್ಲ. ತೊಟ್ಟಿ ಗೆದ್ದಿತೆಂದೂ ಹೇಳಲಾಗದು, ಸೋತಿತೆಂದೂ ಹೇಳಲಾಗದು, ಪರೀಕ್ಷೆ ಅಪೂರ್ಣ ಎಂದು ಬರೆದರು. ಇನ್ನೊಂದು ಮಳೆಗಾಲ ಕಾಯಲು ಪ್ರಸನ್ನನ ಕಂಪನಿ ಒಪ್ಪಲಿಲ್ಲ. ಇಂದುಮತಿಯನ್ನು ಲ್ಯಾಬಿನ ದಾಖಲೆ ಕೋಣೆಗೆ ಹಾಕಿದರು. ಇನ್ನು ಅವಳು ಅಂಕಿಗಳನ್ನು ಕೊಡುವವಳಲ್ಲ. ಬೇರೆಯವರು ಕೊಟ್ಟ ಕಾಗದಗಳನ್ನು ಜೋಡಿಸಿಡುವವಳು. ಮನೆಯಲ್ಲಿ ಕೆಲಸದ ಜಾಗ ಬದಲಾಯಿತು ಎಂದಷ್ಟೇ ಹೇಳಿದಳು.

ಸೂರತ್‌ಗೆ ಹೊರಡುವ ದಿನ ಬೆಳಿಗ್ಗೆ ಪ್ರಸನ್ನ ಅವಳ ತಂದೆತಾಯಿಗೆ ಹೇಳಿಹೋಗಲು ಬಂದ. ಸುಭದ್ರಮ್ಮ ದಾರಿಗೆ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟರು. ಅವನು ಇಬ್ಬರ ಕಾಲಿಗೂ ನಮಸ್ಕರಿಸಿದ. ಇಂದುಮತಿ ಅವನ ಜೊತೆ ಮೂರು ಮಹಡಿ ಇಳಿದು ಗೇಟಿನವರೆಗೆ ಬಂದಳು. ಬಾಡಿಗೆ ಕಾರು ಇನ್ನೂ ಬಂದಿರಲಿಲ್ಲ. ಚಳಿಗಾಲದ ಮೊದಲ ಬಿಸಿಲು ಅವನ ಚೀಲದ ಮೇಲೆ ಬಿದ್ದಿತ್ತು.

"ನನ್ನ ಮೇಲೆ ಕೋಪ ಇದೆಯಾ?" ಎಂದು ಕೇಳಿದಳು.

"ಇತ್ತು. ಇಳೀತು." ರಸ್ತೆಯ ಕಡೆ ತಿರುಗಿದ. "ನಾಲ್ಕನೇ ಮಳಿಗೆ ಆ ಎಂಬತ್ತೆಂಟು ಬಂತಲ್ಲ, ಅವತ್ತ ಸಂಜೀಗೆ ಅವ್ವಗ ಫೋನ್ ಮಾಡಿ ನಿಮ್ಮ ಸುದ್ದಿ ಹೇಳಿದ್ದೆ. ಇಲ್ಲೇ ನೆಲೆ ನಿಲ್ತೀನಿ, ಇಲ್ಲೇ ಒಬ್ಬಾಕಿ ಇದ್ದಾಳ ಅಂತ. ಆ ಧೈರ್ಯ ನನಗ ಬಂದದ್ದ ಆ ಅಂಕಿಯಿಂದ."

ಇಂದುಮತಿ ಗೇಟಿನ ಕಬ್ಬಿಣವನ್ನು ಹಿಡಿದುಕೊಂಡಳು.

"ಈಗ ಅವರಿಗೆ ಏನು ಹೇಳಿದ್ರಿ?"

"ಏನೂ ಹೇಳಿಲ್ಲ. ದಿನಾ ಕೇಳ್ತಾಳ, ಆ ಹುಡುಗಿ ಹ್ಯಾಂಗಿದ್ದಾಳ ಅಂತ. ಛಲೋ ಇದ್ದಾಳ ಅಂತೀನಿ."

"ಕ್ಷಮಿಸೋಕೆ ಆಗಲ್ವಾ?"

"ಕ್ಷಮಿಸೀನಿ ಇಂದು." ಮೊದಲ ಸಲ ಅವನು ಅವಳನ್ನು ಹಾಗೆ ಕರೆದದ್ದು. ಆ ಹೆಸರು ಅವನ ಬಾಯಲ್ಲಿ ಎಷ್ಟು ಮೆತ್ತಗಿತ್ತೆಂದರೆ, ಮುಂದಿನ ಮಾತು ಬೇಡವೆಂದು ಕೈ ಮುಗಿಯೋಣವೆನಿಸಿತು ಅವಳಿಗೆ. "ಆದರ ನಾ ಏನರ ಮಾಡಿ ತೋರಿಸಿದಾಗ ನೀವು ಛಲೋ ಆಗ್ಯದ ಅಂತೀರಲ್ಲ, ಆಗ ನನಗ ತಳಾ ನೋಡಬೇಕು ಅನಸ್ತದ. ನಾಳೆ ನಮ್ಮ ಮಕ್ಕಳು ಬರೆದ ಚಿತ್ರ ಛಲೋ ಅದ ಅಂದ್ರೂ ನೋಡ್ತೀನಿ. ಸಂಸಾರ ಹಂಗ ಮಾಡ್ಲಿಕ್ಕೆ ಆಗೂದಿಲ್ಲ. ನಿಮ್ಮನ್ನ ದಿನಾ ಅನುಮಾನದಿಂದ ನೋಡೂದು ನನ್ನ ಕೈಲೆ ಆಗೂದಿಲ್ಲ."

ಅವಳು ತಲೆ ಆಡಿಸಿದಳು. ಅವನ ಮಾತಿನಲ್ಲಿ ತೆಗೆದುಹಾಕಬಹುದಾದದ್ದು ಒಂದೂ ಇರಲಿಲ್ಲ.

ಕಾರು ಬಂತು. ಚೀಲ ಒಳಗಿಟ್ಟ. ಬಾಗಿಲು ಹಿಡಿದು ಒಂದು ಸಲ ತಿರುಗಿ ನೋಡಿದ. ಅವನ ಕಣ್ಣಲ್ಲಿ ನೀರಿತ್ತು, ಅದನ್ನು ಮುಚ್ಚಿಡಲು ಅವನು ಪ್ರಯತ್ನಿಸಲಿಲ್ಲ. ಊಟ ಬಿಡಬ್ಯಾಡ್ರಿ ಎಂದ. ಅಷ್ಟೇ. ಕಾರು ಟಾಲಿಗಂಜ್ ಮೆಟ್ರೋ ಕಡೆಯ ತಿರುವು ದಾಟುವವರೆಗೆ ಅವಳು ನಿಂತಿದ್ದಳು.

ಮೂರು ಮಹಡಿ ಹತ್ತಿ ಬಂದಾಗ ತಂದೆ ಸಾಮಾನು ತರಲು ಚೀಲ ಹಿಡಿದು ಹೊರಟಿದ್ದರು. ಸುಭದ್ರಮ್ಮ ಅಡುಗೆಮನೆಯಲ್ಲಿ ಚಪಾತಿಯ ಹಲಗೆ ಒರೆಸುತ್ತಿದ್ದರು. ಒಳ್ಳೆಯ ಹುಡುಗ, ಕಣ್ಣು ತುಂಬಿಕೊಂಡೇ ಹೋದ ಎಂದರು. ಬೆನ್ನು ಈ ಕಡೆಗಿದ್ದ ಹಾಗೆಯೇ, ಗೌರಿ ಹಬ್ಬಕ್ಕೆ ತಾಯಿಯನ್ನು ಕರ್ಕೊಂಡು ಬರ್ತಾನಂತಲ್ಲಾ ಎಂದು ಕೇಳಿದರು.

ಹೂಂ ಎಂದುಬಿಡಬಹುದಿತ್ತು. ಹಬ್ಬಕ್ಕೆ ಇನ್ನೂ ಹತ್ತು ತಿಂಗಳಿತ್ತು. ಅಷ್ಟು ದಿನ ತಾಯಿ ಆ ಆಸೆಯನ್ನು ಜೊತೆಗಿಟ್ಟುಕೊಂಡು ಸುಖವಾಗಿರುತ್ತಿದ್ದರು.

"ಬರಲ್ಲ ಅಮ್ಮ," ಎಂದಳು ಇಂದುಮತಿ. "ಅವನದೇನೂ ತಪ್ಪಿಲ್ಲ. ನನ್ನಿಂದಾನೇ."

ಸುಭದ್ರಮ್ಮ ತಿರುಗಿದರು. ಮಗಳ ಮುಖ ನೋಡಿ ಒಲೆ ಆರಿಸಿದರು. ಗೋಡೆಗೊರಗಿ ನೆಲದ ಮೇಲೆ ಕೂತು, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ಇಂದುಮತಿ ಕೂತಳು. ಮೊದಲ ಮೂರು ಮಳೆಗಳನ್ನು ಬಿಟ್ಟು, ನಾಲ್ಕನೆಯದರಿಂದ ಹೇಳತೊಡಗಿದಳು.